ಶನಿವಾರ ಸೇರದ ಸರಾಸರಿ

ಆ ಟ್ಯಾಂಕು ಅರ್ಧ ನೆಲದ ಮೇಲೆ ಇತ್ತು, ಅರ್ಧ ನೆಲದ ಒಳಗೆ. ಮೇಲಿನ ಅಂಚು ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಬಗ್ಗಿ ನೋಡಿದರೆ ಕಬ್ಬಿಣದ ಏಣಿ, ಏಣಿಯ ಬುಡದಲ್ಲಿ ಕಪ್ಪು ಕೆಸರು. ವಾಸನೆ ಮಾತ್ರ ಕೆಸರಿನದಲ್ಲ, ಸಿಹಿ. ಕೊಳೆತ ಹಣ್ಣಿನ ಮೇಲೆ ಉಗುರಿನ ಬಣ್ಣ ಸುರಿದ ಹಾಗೆ. ಈಗಲೂ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಆಗಷ್ಟೇ ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದರೆ ನಾನು ಎದ್ದು ಹೋಗಿ ಬಾಗಿಲ ಬಳಿ ನಿಲ್ಲುತ್ತೇನೆ. ಕಂಡಕ್ಟರ್ ಬೈಯುತ್ತಾನೆ. ಬೈಯಲಿ.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ಸಣ್ಣ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ ಅದು. ಲೇತ್‌ನಿಂದ ಬಂದ ಭಾಗಗಳಿಗೆ ಎಣ್ಣೆ ಅಂಟಿರುತ್ತದೆ. ಟ್ಯಾಂಕಿನ ತಳದಲ್ಲಿ ಒಂದು ರಾಸಾಯನಿಕವನ್ನು ಕಾಯಿಸಿ, ಅದರ ಆವಿಯಲ್ಲಿ ಭಾಗಗಳ ಬುಟ್ಟಿಯನ್ನು ಇಳಿಬಿಟ್ಟರೆ ಎಣ್ಣೆ ಕರಗಿ ಕೆಳಗೆ ಬೀಳುತ್ತದೆ. ಕಾರ್ಮಿಕರು ಆ ರಾಸಾಯನಿಕವನ್ನು ಲಿಕ್ವಿಡ್ ಎನ್ನುತ್ತಿದ್ದರು, ಅಷ್ಟೇ. ಬಿದ್ದ ಎಣ್ಣೆಯೂ ಲೋಹದ ಪುಡಿಯೂ ಸೇರಿ ತಳದಲ್ಲಿ ಕೆಸರಾಗುತ್ತದೆ. ತಿಂಗಳಿಗೆ ಎರಡು ಸಲ, ಶುಕ್ರವಾರ ಸಂಜೆ ಟ್ಯಾಂಕಿನ ಒಲೆ ಆರಿಸಿ, ಲಿಕ್ವಿಡನ್ನು ಡ್ರಮ್ಮಿಗೆ ಬಸಿದು, ಶನಿವಾರ ಒಬ್ಬರು ಏಣಿಯಲ್ಲಿ ಇಳಿದು ಆ ಕೆಸರನ್ನು ಬಕೆಟ್ಟಿಗೆ ಬಾಚಿ ಹಾಕಬೇಕು.

ಎಂಟು ವರ್ಷಗಳಿಂದ ಹಾಗೆ ಇಳಿಯುತ್ತಿದ್ದದ್ದು ಒಬ್ಬರೇ. ಮಾಕಳಿದುರ್ಗದ ಕಡೆಯ ಹಳ್ಳಿಯವರು, ಐವತ್ತರ ಹತ್ತಿರದ ಮನುಷ್ಯ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಟ್ಯಾಂಕಣ್ಣ ಎಂದೇ ಕರೆಯುತ್ತಿದ್ದರು. ಆ ವಿಭಾಗದ ಮೇಸ್ತ್ರಿ ಅವರ ಹೆಂಡತಿಯ ತಮ್ಮ. ಬಾಮೈದ ಮೇಲೆ ನಿಂತು ಹಗ್ಗ ಹಿಡಿಯುವುದು, ಭಾವ ಕೆಳಗೆ ಇಳಿದು ಬಾಚುವುದು. ಇಬ್ಬರೂ ಒಂದೇ ಬೈಕಿನಲ್ಲಿ ಬಂದು ಒಂದೇ ಬೈಕಿನಲ್ಲಿ ಹೋಗುತ್ತಿದ್ದರು.

ನಾನಿದ್ದದ್ದು ಸೇಫ್ಟಿ ವಿಭಾಗದಲ್ಲಿ. ವಿಭಾಗ ಅಂದರೆ ಒಂದು ಮೇಜು, ಒಂದು ಕಂಪ್ಯೂಟರು, ನಾನು. ದೊಡ್ಡಬೆಳವಂಗಲದಿಂದ ಬಸ್ಸಿನಲ್ಲಿ ಓಡಾಡಿಕೊಂಡು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮುಗಿಸಿದ್ದೆ. ಹೆಲ್ಮೆಟ್ಟು ಕೊಟ್ಟೆ, ಬರೆಸಿಕೊಂಡೆ. ಗ್ಲೌಸು ಕೊಟ್ಟೆ, ಬರೆಸಿಕೊಂಡೆ. ಮೂರು ವರ್ಷ ಅದನ್ನೇ ಮಾಡಿದೆ. ನಾಲ್ಕನೆಯ ವರ್ಷ ನಮ್ಮಿಂದ ಮಾಲು ಕೊಳ್ಳುವ ಕಂಪನಿಯವರು ಒಂದು ಕಾಗದ ಕೇಳಿದರು. ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಈ ಲಿಕ್ವಿಡ್ ಸರಾಸರಿ ಎಷ್ಟಿದೆ, ಕಾನೂನಿನ ಮಿತಿಗಿಂತ ಕೆಳಗಿದೆಯೇ ಎಂದು ತೋರಿಸಬೇಕು. ಸುಮ್ಮನೆ ಒಂದು ಸರಾಸರಿ ಸಾಲದು, ಅದರ ಜೊತೆ ಕಾನ್ಫಿಡೆನ್ಸ್ ಇಂಟರ್‌ವಲ್ ಬೇಕು. ಕೆಲವೇ ದಿನ ಅಳೆದವರಿಗೆ ವರ್ಷವಿಡೀ ಇರುವ ನಿಜವಾದ ಸರಾಸರಿ ಗೊತ್ತಾಗುವುದಿಲ್ಲ. ಅದು ಬಹುಮಟ್ಟಿಗೆ ಇಷ್ಟರಿಂದ ಇಷ್ಟರೊಳಗೆ ಇರುತ್ತದೆ ಎಂದು ಎರಡು ತುದಿಗಳನ್ನು ಹೇಳಬಹುದು. ಆ ಎರಡು ತುದಿಗಳ ನಡುವಿನದೇ ಇಂಟರ್‌ವಲ್, ಭರವಸೆಯ ಅಂತರ. ಮೇಲಿನ ತುದಿಯೂ ಮಿತಿಗಿಂತ ಕೆಳಗಿದ್ದರೆ ನೆಮ್ಮದಿ. ದಾಟಿದರೆ ಟ್ಯಾಂಕು ತೊಳೆಯುವ ರೀತಿಯನ್ನೇ ಬದಲಾಯಿಸಬೇಕು: ಎರಡು ದಿನ ಗಾಳಿಗೆ ಬಿಡಬೇಕು, ಇಳಿಯುವವರಿಗೆ ಹೊರಗಿನ ಗಾಳಿ ಬರುವ ಮುಖವಾಡ ಕೊಡಬೇಕು. ಎರಡು ದಿನ ಟ್ಯಾಂಕು ನಿಂತರೆ ಇಡೀ ಕಾರ್ಖಾನೆ ನಿಲ್ಲುತ್ತದೆ.

ಅಳೆಯುವುದಕ್ಕೆ ಒಂದು ಪುಟ್ಟ ಪಂಪು ಬಂತು. ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಅದರಿಂದ ಒಂದು ಕೊಳವೆ ಕಾಲರಿನವರೆಗೆ ಬಂದು, ತುದಿಯಲ್ಲಿ ಇದ್ದಿಲು ತುಂಬಿದ ಗಾಜಿನ ನಳಿಕೆ ಇರುತ್ತದೆ. ಪಂಪು ದಿನವಿಡೀ ಗಾಳಿ ಎಳೆಯುತ್ತದೆ, ಗಾಳಿಯಲ್ಲಿರುವ ಲಿಕ್ವಿಡ್ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಸಂಜೆ ನಳಿಕೆಗೆ ಮುಚ್ಚಳ ಹಾಕಿ ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕು. ದಿನಕ್ಕೆ ಒಬ್ಬರು, ಹನ್ನೆರಡು ದಿನ. ಯಾರು ಕಟ್ಟಿಕೊಳ್ಳಬೇಕು ಎಂಬುದಕ್ಕೆ ಹೆಸರು ಬರೆದ ಚೀಟಿಗಳನ್ನು ನನ್ನ ಊಟದ ಡಬ್ಬಿಗೆ ಹಾಕಿ ಎಲ್ಲರ ಮುಂದೆ ಎತ್ತುತ್ತಿದ್ದೆ.

ಮೊದಮೊದಲು ಯಾರೂ ಒಪ್ಪಲಿಲ್ಲ. ಸೊಂಟದಲ್ಲಿ ದುಂಬಿ ಗುಂಯ್‌ಗುಟ್ಟಿದ ಹಾಗೆ ಆಗುತ್ತದೆ ಎಂದರು. ನಾವು ಎಷ್ಟು ಸಲ ಬೀಡಿ ಸೇದೋಕೆ ಹೋಗ್ತೀವಿ ಅಂತ ರೆಕಾರ್ಡ್ ಆಗತ್ತಾ ಎಂದು ಒಬ್ಬ ಕೇಳಿದ. ಟ್ಯಾಂಕಣ್ಣ ಬಂದು ಪಂಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಏನವ್ವ ಇದು, ರೇಡಿಯೋನಾ? ಹಾಡು ಬತ್ತದಾ?"

"ಇಲ್ಲಣ್ಣ. ಗಾಳಿ ಎಳ್ಕೊಳ್ಳತ್ತೆ."

"ಈ ಲಿಕ್ವಿಡ್ ಗಾಳೀನಾ?"

"ಹೂಂ, ಅದನ್ನೇ."

"ಹಂಗಾರೆ ನಮ್ ಮೂಗಿಗೆ ಬರೋದು ಕಮ್ಮಿ ಆಯ್ತದೆ ಅನ್ನು."

ನಾನು ನಕ್ಕೆ. ಇಲ್ಲ ಎನ್ನಲಿಲ್ಲ. ಅವರು ತಿರುಗಿ ಉಳಿದವರಿಗೆ, "ಕಟ್ಕಳ್ರಲೇ, ಒಳ್ಳೇದೇ ಅಂತೆ" ಎಂದರು. ಆಮೇಲೆ ಯಾರೂ ತಕರಾರು ಮಾಡಲಿಲ್ಲ. ಆ ಪಂಪು ಎಳೆಯುವುದು ಒಂದು ಸ್ಟ್ರಾ ಹೀರುವಷ್ಟು ಗಾಳಿಯನ್ನೂ ಅಲ್ಲ. ಅದು ಯಾರ ಮೂಗಿಗೂ ಏನನ್ನೂ ಕಡಿಮೆ ಮಾಡುವುದಿಲ್ಲ, ಬರೀ ಲೆಕ್ಕ ಇಡುತ್ತದೆ. ಇದನ್ನು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಿದ್ದರೆ ಯಾರೂ ಕಟ್ಟಿಕೊಳ್ಳುತ್ತಿರಲಿಲ್ಲ, ನನ್ನ ಹನ್ನೆರಡು ದಿನ ತುಂಬುತ್ತಿರಲಿಲ್ಲ.

ಮೊದಲ ತೊಳೆಯುವ ಶನಿವಾರ ಚೀಟಿ ಬಂದದ್ದು ಲೇತ್ ನಡೆಸುವವನಿಗೆ. ನಾನೇ ಅವನ ಸೊಂಟಕ್ಕೆ ಕಟ್ಟಿದೆ. ಮಧ್ಯಾಹ್ನ ನೋಡಿದರೆ ಪಂಪು ಟ್ಯಾಂಕಣ್ಣನ ಸೊಂಟದಲ್ಲಿ.

"ಒಳಕ್ಕೆ ಇಳಿಯೋನ್ಗೆ ಬೇಕು ಕಣ್ ಮೇಡಂ ಇದು" ಎಂದ ಲೇತಿನವನು. "ನಂಗ್ಯಾಕೆ? ನಾನು ಕಿಟಕಿ ಪಕ್ಕ ಇರೋನು."

ಕೊಡೆ ಇಲ್ಲದವನಿಗೆ ಕೊಡೆ ಕೊಟ್ಟ ಹಾಗೆ ಕೊಟ್ಟಿದ್ದ. ನಾನು ಬಿಚ್ಚಿಸಲಿಲ್ಲ. ಪಟ್ಟಿಯಲ್ಲಿ ಹೆಸರು ಬದಲಾಯಿಸಿ ಬರೆದುಕೊಂಡೆ. ಎರಡನೆಯ ಶನಿವಾರವೂ ಹಾಗೇ ಆಯಿತು. ಈ ಸಲ ಯಾರೂ ನನ್ನನ್ನು ಕೇಳಲೂ ಇಲ್ಲ.

ಲ್ಯಾಬಿನಿಂದ ಫಲಿತಾಂಶ ಬಂತು. ಹತ್ತು ದಿನಗಳ ಅಳತೆ ಮಿತಿಯ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಶನಿವಾರದ್ದು ಮಿತಿಯ ಮೂರು ಪಟ್ಟು, ಇನ್ನೊಂದು ಐದು ಪಟ್ಟು. ಇಂಥ ಅಳತೆಗಳನ್ನು ಗ್ರಾಫಿನಲ್ಲಿ ಗೆರೆಯಾಗಿ ಬರೆದರೆ ಎಡಗಡೆ ಒಂದು ಗುಡ್ಡ, ಬಲಗಡೆ ಉದ್ದನೆಯ ಬಾಲ. ತರಗತಿಯಲ್ಲಿ ಆ ಬಾಲವನ್ನು ಎಷ್ಟೋ ಸಲ ಬರೆದಿದ್ದೆ. ಅದರ ತುದಿಯಲ್ಲಿ ಯಾರಾದರೂ ನಿಂತಿರುತ್ತಾರೆ ಎಂದು ಯೋಚಿಸಿರಲಿಲ್ಲ.

ಮೊದಲು ಎಲ್ಲರೂ ಕಲಿಯುವ ಮಾಮೂಲಿ ವಿಧಾನದಲ್ಲಿ ಲೆಕ್ಕ ಹಾಕಿದೆ: ಸರಾಸರಿ, ಅದರ ಎರಡೂ ಕಡೆ ಒಂದೇ ಅಗಲ. ಸರಾಸರಿ ಮಿತಿಯ ಮುಕ್ಕಾಲು ಭಾಗ ಬಂತು. ಮೇಲಿನ ತುದಿ ಮಿತಿಯನ್ನು ದಾಟಿತು. ಕೆಳಗಿನ ತುದಿ ಸೊನ್ನೆಗಿಂತಲೂ ಕೆಳಗೆ ಹೋಯಿತು. ಬಾಲ ಒಂದೇ ಕಡೆಗಿರುವ ಅಳತೆಗಳಿಗೆ ಎರಡೂ ಕಡೆ ಸಮ ಅಗಲ ಕೊಟ್ಟರೆ ಹಾಗಾಗುತ್ತದೆ. ಗೊತ್ತಿದ್ದೂ ಅದನ್ನೇ ಪ್ರಿಂಟ್ ತೆಗೆದು ಮ್ಯಾನೇಜರ ಕೋಣೆಗೆ ಒಯ್ದೆ.

ಅವರು ಓದಿದವರು, ಕೆಟ್ಟ ಮಾತು ಆಡುವವರಲ್ಲ. ಎದುರಿಗೆ ಸ್ಟೋರಿನವರು ಕುಳಿತಿದ್ದರು.

"ಏನ್ ಮೇಡಂ, ಗಾಳೀಲಿ ಕೆಮಿಕಲ್ಲು ಸೊನ್ನೆಗಿಂತ ಕಮ್ಮಿ ಇರತ್ತಾ?"

"ಅದು ವಿಧಾನದ ತೊಂದರೆ ಸರ್."

"ಅಲ್ಲ, ನಮ್ಮ ಗಾಳಿ ಅಷ್ಟು ಚೆನ್ನಾಗಿದೆ ಅನ್ನಿ. ಒಂದು ಸಲ ಉಸಿರು ಎಳ್ಕೊಂಡ್ರೆ ಒಳಗಿರೋದೂ ಆಚೆ ಬರತ್ತೆ. ನಂದಿ ಬೆಟ್ಟಕ್ಕೆ ಯಾಕೆ ಹೋಗ್ತಾರೋ ಜನ, ಇಲ್ಲಿಗೇ ಕರ್ಕೊಂಡ್ ಬರೋಣ." ಸ್ಟೋರಿನವರು ನಗುತ್ತಾ ನನ್ನ ಕಡೆ ನೋಡಿದರು. ಮ್ಯಾನೇಜರ್ ಪೆನ್ನಿನಿಂದ ಆ ಎರಡು ಶನಿವಾರಗಳಿಗೆ ಸುತ್ತು ಹಾಕಿದರು. "ಈ ಎರಡನ್ನ ತೆಗೀರಿ. ಚೀಟಿ ಬಂದೋನು ಒಬ್ಬ, ಕಟ್ಕೊಂಡೋನು ಇನ್ನೊಬ್ಬ. ನಿಮ್ಮ ರೂಲ್ ಪ್ರಕಾರಾನೇ ಅದು ತಪ್ಪಲ್ವಾ?"

ತಪ್ಪೇ. ಆದರೆ ಆ ತಪ್ಪಿಲ್ಲದಿದ್ದರೆ ಶನಿವಾರ ಟ್ಯಾಂಕಿನೊಳಗೆ ಏನಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. "ತೆಗೆಯೋಕೆ ಆಗಲ್ಲ ಸರ್" ಎಂದೆ. ನನ್ನ ಇಡೀ ನೌಕರಿಯಲ್ಲಿ ಅವರಿಗೆ ಆಗಲ್ಲ ಅಂದದ್ದು ಅದೇ ಮೊದಲು.

"ಸರಿ, ಇಟ್ಕೊಳ್ಳಿ. ಆದ್ರೆ ಮನುಷ್ಯರು ಓದೋ ಹಾಗೆ ಮಾಡ್ಕೊಂಡ್ ಬನ್ನಿ."

ಮೇಜಿಗೆ ಬಂದು ಪ್ರತಿ ಅಳತೆಯ ಲಾಗ್ ತೆಗೆದೆ, ಪಿಯುಸಿಯಲ್ಲಿ ಕಲಿಯುವ ಲಾಗರಿದಮ್. ಲಾಗ್ ತೆಗೆದರೆ ಎಲ್ಲೋ ದೂರ ನಿಂತ ದೊಡ್ಡ ಸಂಖ್ಯೆಗಳು ಹತ್ತಿರಕ್ಕೆ ಬರುತ್ತವೆ, ಚದುರಿದ ಕುರಿಗಳನ್ನು ರೊಪ್ಪಕ್ಕೆ ಕೂಡಿದ ಹಾಗೆ. ಆ ಲಾಗ್‌ಗಳ ಸರಾಸರಿ, ಅದಕ್ಕೆ ಎರಡು ತುದಿ, ಕೊನೆಗೆ ಆ ಮೂರನ್ನೂ ಮತ್ತೆ ಮೊದಲಿನ ಅಳತೆಗೆ ತಿರುಗಿಸಿದೆ. ಸೊನ್ನೆಗಿಂತ ಕೆಳಗೆ ಏನೂ ಹೋಗಲಿಲ್ಲ. ಮೇಲಿನ ತುದಿ ಮಿತಿಯ ಅರ್ಧವನ್ನೂ ಮುಟ್ಟಲಿಲ್ಲ. ಹನ್ನೆರಡೂ ಅಳತೆಗಳು ಪಟ್ಟಿಯಲ್ಲಿದ್ದವು, ಶನಿವಾರದ ಎರಡನ್ನೂ ನಾನು ಬಿಟ್ಟುಕೊಟ್ಟಿರಲಿಲ್ಲ. ಮ್ಯಾನೇಜರ್ ಓದಿ, "ಇದು ನೋಡಿ ಓದಿದೋರ ಕೆಲಸ" ಎಂದು ಸಹಿ ಹಾಕಿದರು. ಆ ಸಂಜೆ ನಾನು ಗೆದ್ದವಳ ಹಾಗೆ ಮನೆಗೆ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಗೇ ಇತ್ತು.

ಮರುವಾರ ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತಿದ್ದೆ. ರೈಲ್ವೆ ಗೇಟು ಹಾಕಿತ್ತು. ಕೆಲಸವಿಲ್ಲದೆ ಬ್ಯಾಗಿನಿಂದ ವರದಿಯ ಪ್ರತಿ ತೆಗೆದು ನೋಡಿದೆ. ಅದರ ಹಿಂದೆಯೇ ಮೊದಲಿನ, ಮ್ಯಾನೇಜರ್ ನಕ್ಕ ಹಾಳೆಯೂ ಇತ್ತು. ಒಂದರಲ್ಲಿ ಸರಾಸರಿ ಮಿತಿಯ ಮುಕ್ಕಾಲು. ಇನ್ನೊಂದರಲ್ಲಿ ಸರಾಸರಿ ಅರ್ಧಕ್ಕಿಂತ ಮೇಲಿರಲು ಸಾಧ್ಯವೇ ಇಲ್ಲ ಎನ್ನುವ ಅಂತರ. ಎರಡೂ ಅದೇ ಹನ್ನೆರಡು ಅಳತೆಗಳಿಂದ. ನಾನು ಸರಾಸರಿಗೆಂದು ಕೊಟ್ಟ ಎರಡು ತುದಿಗಳ ನಡುವೆ ಸರಾಸರಿಯೇ ಇರಲಿಲ್ಲ.

ಏನು ಮಾಡಿದ್ದೆ ಎಂಬುದು ತಕ್ಷಣ ಹೊಳೆಯಿತು. ಲಾಗ್‌ನ ಸರಾಸರಿಯನ್ನು ಹಿಂದಕ್ಕೆ ತಿರುಗಿಸಿದರೆ ಸಿಗುವುದು ಸರಾಸರಿಯಲ್ಲ, ನಡುವೆ ನಿಂತ ಒಬ್ಬ ಸಾಧಾರಣ ಕಾರ್ಮಿಕನ ಒಂದು ಸಾಧಾರಣ ದಿನ. ಬಾಲ ಉದ್ದವಿದ್ದಷ್ಟೂ ನಿಜವಾದ ಸರಾಸರಿ ಅದರಿಂದ ಮೇಲಕ್ಕೆ ದೂರ ಸರಿಯುತ್ತದೆ. ಆ ದೂರವನ್ನು ಸೇರಿಸಬೇಕು, ಸೇರಿಸುವ ವಿಧಾನ ಇದೆ, ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ನಾನೇ ಅದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ಗೇಟು ತೆರೆಯುವ ಮೊದಲೇ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದೆ. ಮೇಲಿನ ತುದಿ ಮಿತಿಯ ಎರಡು ಪಟ್ಟಿನ ಹತ್ತಿರ ಹೋಗಿ ನಿಂತಿತು.

ಗುರುವಾರ ಮ್ಯಾನೇಜರ್ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವರ ಕೋಣೆಗೆ ಹೋದೆ.

"ಸರ್, ವರದೀಲಿ ಒಂದು ತಪ್ಪಾಗಿದೆ."

"ಯಾರದ್ದು?"

"ನಂದೇ. ಅದು ಸರಾಸರಿ ಅಲ್ಲ ಸರ್. ಸರಿಯಾಗಿ ಹಾಕಿದ್ರೆ ಮಿತಿ ದಾಟತ್ತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲನೇ ಸಲ ಸೊನ್ನೆಗಿಂತ ಕೆಳಗೆ. ಎರಡನೇ ಸಲ ಚೆನ್ನಾಗಿದೆ. ಮೂರನೇ ಸಲ ಮಿತಿ ದಾಟತ್ತೆ. ನಾಲ್ಕನೇ ಸಲ ಏನ್ ಬರತ್ತೆ ಅಂತ ಈಗ್ಲೇ ಹೇಳ್ಬಿಡಿ, ಕಾಯ್ತಾ ಕೂರೋದು ತಪ್ಪತ್ತೆ." ಕನ್ನಡಕ ಹಾಕಿಕೊಂಡರು. "ಕಳಿಸಿ ಆಗಿದೆ. ಮುಂದಿನ ವರದೀಲಿ ಸರಿ ಮಾಡಿ."

ನಾಳೆ ಶನಿವಾರ ಸರ್, ಟ್ಯಾಂಕು ತೊಳೀತಾರೆ. ಈ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಎಷ್ಟು ಪದ ಎಂದು ಆಮೇಲೆ ಎಣಿಸಿದ್ದೇನೆ: ಐದು. ಹೇಳಲಿಲ್ಲ. ಮತ್ತೊಮ್ಮೆ ನಗುತ್ತಾರೆ ಎನಿಸಿತು. ಸರಿ ಸರ್ ಎಂದು ಹೊರಗೆ ಬಂದೆ.

ಆ ಶನಿವಾರ ಅಳತೆಯ ದಿನ ಆಗಿರಲಿಲ್ಲ. ಆದರೂ ನಾನೇ ಪಂಪು ತೆಗೆದುಕೊಂಡು ಹೋದೆ. ಈ ಸಲ ಚೀಟಿ ಎತ್ತದೆ, ಟ್ಯಾಂಕಣ್ಣನ ಹೆಸರಿಗೇ ಬರೆದು ಕಟ್ಟಿದರೆ ಮ್ಯಾನೇಜರಿಗೆ ತಪ್ಪು ಹಿಡಿಯಲು ಆಗುವುದಿಲ್ಲ ಎಂದುಕೊಂಡೆ. ಮುಂದಿನ ವರದಿ ಗಟ್ಟಿಯಾಗಿರಲಿ ಎಂದು. ಇಳಿಯಬೇಡಿ ಎಂದು ಹೇಳಲು ಹೋಗಲಿಲ್ಲ, ಅಳೆಯಲು ಹೋದೆ.

ಅಂದು ಬೆಳಿಗ್ಗೆಯಷ್ಟೇ ಒಲೆ ಆರಿಸಿದ್ದರು. ರಾತ್ರಿಯಿಡೀ ಗಾಳಿಗೆ ಬಿಡಬೇಕಾದ ಟ್ಯಾಂಕನ್ನು ಊಟದ ಹೊತ್ತಿಗೇ ತೊಳೆಯಲು ಹೇಳಿದ್ದರು. ಸೋಮವಾರ ಬೆಳಿಗ್ಗೆ ಮಾಲು ಹೋಗಬೇಕಿತ್ತು. ಟ್ಯಾಂಕಣ್ಣ ಒದ್ದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, ಶರ್ಟು ಎತ್ತಿ ಸೊಂಟ ತೋರಿಸಿದರು. ಬೆಲ್ಟಿಗೆ ಪಂಪು ಸಿಕ್ಕಿಸಿದೆ, ಕಾಲರಿಗೆ ನಳಿಕೆ.

"ನೀನು ಬಂದಿದ್ದು ಒಳ್ಳೇದಾಯ್ತು ಕಣವ್ವ" ಎಂದರು. "ಇದಿಲ್ದಿದ್ರೆ ಈಗೀಗ ತಲೆ ಗಿರ್ ಅಂತದೆ."

"ಭಾವ ಮದುವೆ ಗಂಡಿನ ಥರಾ ಕಾಣ್ತಾವ್ನೆ" ಎಂದರು ಮೇಸ್ತ್ರಿ.

"ನಿಮ್ಮಕ್ಕನ್ನ ಕಟ್ಕೊಂಡಾಗಲೇ ನಂಗೆ ಮಿಷಿನ್ ಕೊಡಬೇಕಿತ್ತು ಕಣಲೇ" ಎನ್ನುತ್ತಾ ಏಣಿ ಇಳಿದರು.

ನಾನು ಪ್ಯಾಡಿನಲ್ಲಿ ಸಮಯ ಬರೆದುಕೊಂಡೆ. ಬಕೆಟ್ಟು ಹಗ್ಗದಲ್ಲಿ ಮೇಲೆ ಬಂತು, ಕೆಳಗೆ ಹೋಯಿತು. ಮಾಮೂಲಿಯಾಗಿ ಆರು ಬಕೆಟ್ಟಿಗೆ ಅವರು ಮೇಲೆ ಬಂದು ಸ್ವಲ್ಪ ಹೊತ್ತು ಹೊರಗೆ ಕೂರುತ್ತಿದ್ದರು. ಆರಾದ ಮೇಲೆ ಮೇಸ್ತ್ರಿ ಬಗ್ಗಿ, "ಭಾವ, ಮಿಷಿನ್ ಐತಲ್ಲ, ಇನ್ನೆರಡು ಆಗ್ಬಿಡ್ಲಿ, ಒಂದೇ ಸಲಕ್ಕೆ ಮುಗೀತದೆ" ಎಂದರು. ಕೆಳಗಿನಿಂದ, "ಹೂಂ ಬುಡು" ಎಂದು ಕೇಳಿಸಿತು. ನಾನು ಅಲ್ಲೇ ನಿಂತಿದ್ದೆ. ಮಿಷಿನ್ ಇದೆ ಎಂಬ ಮಾತು ನನಗೂ ಕೇಳಿಸಿತು.

ಎಂಟನೆಯ ಬಕೆಟ್ಟು ಬರಲಿಲ್ಲ.

ಮೇಸ್ತ್ರಿ ಹಗ್ಗ ಜಗ್ಗಿದರು. ಬಿಗಿಯಾಗಿರಲಿಲ್ಲ. ಭಾವ ಎಂದು ಕರೆದರು. ನಾನು ಅಂಚಿಗೆ ಕೈಯಿಟ್ಟು ಬಗ್ಗಿದೆ. ಅವರು ಏಣಿಯ ಬುಡದಲ್ಲಿ ಮಂಡಿ ಮಡಚಿ ಕುಳಿತಂತೆ ಒರಗಿದ್ದರು, ಮುಖ ಕೆಸರಿನಿಂದ ಒಂದು ಗೇಣು ಮೇಲೆ. ಟವೆಲ್ಲು ಜಾರಿತ್ತು. ಪಂಪು ಗುಂಯ್ ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ಸಿಹಿ ನನ್ನ ಗಂಟಲಿಗೆ ಇಳಿಯಿತು, ಕಾಲ ಕೆಳಗಿನ ನೆಲ ಒಂದು ಕಡೆಗೆ ವಾಲಿತು. ಹಿಂದಕ್ಕೆ ಬಿದ್ದೆ. ಬಿದ್ದದ್ದರಿಂದ ಉಳಿದೆ.

ಎದ್ದಾಗ ಮೇಸ್ತ್ರಿ ಅಂಚಿನ ಮೇಲೆ ಒಂದು ಕಾಲು ಹಾಕಿದ್ದರು. ನಾನು ಅವರ ಶರ್ಟನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದೆ. ಇಂಥ ಜಾಗಕ್ಕೆ ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ, ಆಮೇಲೆ ಮೂರನೆಯವರು. ನಾನು ಕಲಿತ ಸೇಫ್ಟಿಯಲ್ಲಿ ನಿಜವಾಗಿ ಕಲಿತದ್ದು ಅದೊಂದೇ.

"ಬುಡು ನನ್ನ. ನಮ್ ಭಾವ ಅವ್ನು."

"ಬಿಡಲ್ಲ. ಬ್ಲೋವರ್ ತರ್ಸಿ. ಕೊಕ್ಕೆ ತರ್ಸಿ."

"ಬುಡೇ ಮುಂಡೆ."

ಮೊಣಕೈಯಿಂದ ನನ್ನ ಬಾಯಿಗೆ ಹೊಡೆದರು. ಹಲ್ಲು ತುಟಿಯನ್ನು ಹೊಕ್ಕಿತು. ಬಿಡಲಿಲ್ಲ. ಲೇತಿನವನು ಓಡಿ ಬಂದು ಅವರನ್ನು ಸೊಂಟಕ್ಕೆ ಹಿಡಿದ. ಗಾಳಿ ಊದುವ ಬ್ಲೋವರ್ ಸ್ಟೋರಿನಲ್ಲಿತ್ತು, ಸ್ಟೋರಿಗೆ ಬೀಗ, ಬೀಗದ ಕೈ ಊಟಕ್ಕೆ ಹೋಗಿತ್ತು. ಉಳಿದವರು ಬೀಗ ಒಡೆದರು. ಗಾಳಿ ಬಿಟ್ಟು, ಬುಟ್ಟಿ ಎತ್ತುವ ಕೊಕ್ಕೆಯನ್ನು ಇಳಿಸಿ, ಬೆಲ್ಟಿಗೆ ಸಿಕ್ಕಿಸಿ ಎಳೆದರು. ಇಷ್ಟೂ ಹೊತ್ತು ಅವರ ಬಾಮೈದ ಅಳುತ್ತಾ, ಒದೆಯುತ್ತಾ, ನಮ್ಮಿಬ್ಬರ ಹಿಡಿತದಲ್ಲೇ ಇದ್ದರು. ಎಷ್ಟು ನಿಮಿಷ ಎಂದು ನನಗೆ ಗೊತ್ತು. ಪ್ಯಾಡಿನಲ್ಲಿ ನಾನೇ ಬರೆದಿದ್ದೇನೆ, ಇಳಿದದ್ದು, ಎತ್ತಿದ್ದು. ಆ ಹಾಳೆಯಲ್ಲಿ ತುಟಿಯ ರಕ್ತದ ಕಲೆ ಇದೆ, ಅಕ್ಷರ ಮಾತ್ರ ಎಂದಿನಂತೆ ದುಂಡಗಿದೆ.

ಟ್ಯಾಂಕಣ್ಣ ಉಳಿದರು.

ಉಳಿದರು ಎಂದು ಬರೆಯುವುದು ಸುಲಭ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಕೈ ನಡುಗುತ್ತದೆ. ಮುಖದ ಒಂದು ಭಾಗ ಸತ್ತುಹೋಗಿದೆ, ಮುಟ್ಟಿದರೆ ತಿಳಿಯುವುದಿಲ್ಲ. ನಾನು ಹೋದ ದಿನ ಮುದ್ದೆ ಉಣ್ಣುತ್ತಿದ್ದರು. ಸಾರು ಬಾಯಿಯ ಕೊನೆಯಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ ಇಳಿಯುತ್ತಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಪ್ರತಿ ತುತ್ತಿಗೂ ಸೆರಗಿನಿಂದ ಒರೆಸುತ್ತಿದ್ದರು.

"ಡಾಕ್ಟ್ರು ಕೇಳ್ತಾರೆ" ಎಂದರು ಆಕೆ ನನ್ನ ಮುಖ ನೋಡದೆ. "ಎಂಟು ವರ್ಷದಿಂದ ದಿನಾ ಎಷ್ಟು ಕುಡ್ದವ್ರೆ ಆ ಗಾಳೀನ ಅಂತ. ಅದ್ರ ಮೇಲೆ ಅಂತೆ ಇನ್ನೇನೇನು ಕೆಟ್ಟದೆ ಅಂತ ನೋಡೋದು. ನೀನೇ ಅಂತಲ್ಲ ಅಳೀತಿದ್ದೋಳು?"

ಬ್ಯಾಗಿನಲ್ಲಿ ಸರಿಮಾಡಿದ ಹಾಳೆ ಇತ್ತು. ಆದರೆ ಅದು ಇಡೀ ವಿಭಾಗದ ಸರಾಸರಿ. ಕಿಟಕಿ ಪಕ್ಕದವನದ್ದೂ, ಪ್ಯಾಕಿಂಗಿನವನದ್ದೂ, ಇವರದ್ದೂ ಕಲಸಿದ್ದು. ಇವರೊಬ್ಬರದ್ದೇ ಎಂದರೆ ನನ್ನ ಬಳಿ ಇದ್ದದ್ದು ಎರಡು ಶನಿವಾರಗಳು. ಬಿದ್ದ ದಿನದ ಮೂರನೆಯ ನಳಿಕೆಯನ್ನು ಲ್ಯಾಬಿಗೆ ಕಳಿಸಿದ್ದೆ. ಇದ್ದಿಲು ತುಂಬಿ ತುಳುಕಿದೆ, ಇಷ್ಟಕ್ಕಿಂತ ಹೆಚ್ಚು ಎನ್ನಬಹುದೇ ಹೊರತು ಎಷ್ಟು ಎನ್ನಲಾಗದು ಎಂದು ಲ್ಯಾಬಿನವರು ಬರೆದಿದ್ದರು. ಅದು ಸಂಖ್ಯೆಯೇ ಅಲ್ಲ, ಜೊತೆಗೆ ಅಪಘಾತ, ದಿನನಿತ್ಯದ ಕೆಲಸವಲ್ಲ ಎಂದು ಮ್ಯಾನೇಜರ್ ಅದನ್ನು ಲೆಕ್ಕದಿಂದ ತೆಗೆಸಿದ್ದರು. ಅದನ್ನೂ ಸೇರಿಸಿ ನಾನು ಒಬ್ಬಳೇ ಲೆಕ್ಕ ಹಾಕಿ ನೋಡಿದ್ದೆ. ಅಂತರ ಎಷ್ಟು ಅಗಲವಾಯಿತೆಂದರೆ ಅದರಿಂದ ಯಾರಿಗೂ ಏನೂ ಹೇಳುವಂತಿರಲಿಲ್ಲ. ಆ ಮನುಷ್ಯ ಹೆಚ್ಚು ಉಸಿರಾಡಿದಷ್ಟೂ ನನ್ನ ಲೆಕ್ಕ ಇನ್ನಷ್ಟು ಅನುಮಾನದ್ದಾಯಿತು.

ಆದರೂ ಆ ಎರಡು ತುದಿಗಳನ್ನು ಬರೆದು ಕೊಟ್ಟೆ. ಆಕೆ ಏಳನೆಯ ತರಗತಿ ಓದಿದವರು. "ಇದ್ರಲ್ಲಿ ಯಾವ್ದು?"

"ಇವೆರಡರ ಮಧ್ಯ ಎಲ್ಲೋ ಅಕ್ಕ."

"ಮಧ್ಯ ಅಂದ್ರೆ, ಇಲ್ಲಿಂದ ದೊಡ್ಡಬಳ್ಳಾಪುರದ ಮಧ್ಯ ಎಲ್ಲೋ ಅಂದಂಗೆ." ಕಾಗದವನ್ನು ಮಡಚಿ ನನಗೇ ಕೊಟ್ಟರು. "ಹಿಡ್ಕೊಂಡಿದ್ಯಂತೆ ನನ್ ತಮ್ಮನ್ನ. ಒಳ್ಳೇದು ಮಾಡ್ದೆ. ಇಲ್ದಿದ್ರೆ ಇಬ್ರನ್ನೂ ಒರೆಸ್ಬೇಕಾಗ್ತಿತ್ತು ನಾನು."

ಟ್ಯಾಂಕಣ್ಣ ನಗಲು ನೋಡಿದರು. ಅರ್ಧ ಮುಖ ನಕ್ಕಿತು.

ಎರಡು ತಿಂಗಳಾದ ಮೇಲೆ ಮ್ಯಾನೇಜರ್ ಮತ್ತೆ ಹನ್ನೆರಡು ದಿನ ಅಳೆಯಲು ಹೇಳಿದರು. ಶನಿವಾರಗಳೂ ಇದ್ದವು. ಚೀಟಿ ಎತ್ತಿದೆ, ಕಟ್ಟಿದೆ, ಕಳಿಸಿದೆ. ಫಲಿತಾಂಶ ಬಂದಾಗ ಹನ್ನೆರಡೂ ಅಳತೆಗಳು ಒಂದಕ್ಕೊಂದು ಅಕ್ಕಪಕ್ಕ ನಿಂತಿದ್ದವು. ಬಾಲವೇ ಇರಲಿಲ್ಲ. ಮಾಮೂಲಿ ವಿಧಾನ, ಲಾಗ್ ವಿಧಾನ, ಸರಿಯಾದ ವಿಧಾನ, ಮೂರರಲ್ಲಿ ಯಾವುದರಲ್ಲಿ ಹಾಕಿದರೂ ಒಂದೇ ಉತ್ತರ, ಕಿರಿದಾದ ಚೆಂದದ ಅಂತರ, ಮಿತಿಯ ಎಷ್ಟೋ ಕೆಳಗೆ. ಲೆಕ್ಕದಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ಟ್ಯಾಂಕು ತೊಳೆಯುವುದನ್ನು ಕಂಟ್ರಾಕ್ಟಿಗೆ ಕೊಟ್ಟಿದ್ದರು. ತೊಳೆಯುವವರು ನಮ್ಮ ಕಾರ್ಮಿಕರಲ್ಲ. ಅವರ ಹೆಸರು ನನ್ನ ಪಟ್ಟಿಯಲ್ಲಿಲ್ಲ, ಚೀಟಿಯಲ್ಲಿಲ್ಲ.

ಮುಂದಿನ ಶನಿವಾರ ಟ್ಯಾಂಕಿನ ಬಳಿ ಹೋದೆ. ಇಬ್ಬರು ಬಂದಿದ್ದರು, ವಿಜಯಪುರದ ಕಡೆಯವರು. ಒಬ್ಬ ಟವೆಲ್ ಒದ್ದೆ ಮಾಡುತ್ತಿದ್ದ. ಮೇಸ್ತ್ರಿ ಹಗ್ಗ ಹಿಡಿದು ನಿಂತಿದ್ದರು. ಆ ದಿನದಿಂದ ನನ್ನ ಜೊತೆ ಅವರು ಮಾತಾಡಿರಲಿಲ್ಲ.

"ಇವ್ರು ನಿಮ್ ಲಿಸ್ಟಲ್ಲಿಲ್ಲ ಮೇಡಂ" ಎಂದರು.

ನಾನು ಟವೆಲಿನವನಿಗೆ ಹೇಳಿದೆ. ಇಲ್ಲಿ ಯಾರು ಬಿದ್ದರು, ಎಷ್ಟು ಹೊತ್ತು ಬಿದ್ದಿದ್ದರು, ಈಗ ಅವರ ಮುಖ ಹೇಗಿದೆ, ಸಾರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ. ಸಂಖ್ಯೆ ಒಂದೂ ಹೇಳಲಿಲ್ಲ. ಅವನು ಮೇಸ್ತ್ರಿಯ ಕಡೆ ತಿರುಗಿ, "ಹೌದಾ ಗುರು?" ಎಂದ.

"ನಮ್ ಭಾವ" ಎಂದರು ಮೇಸ್ತ್ರಿ, ಹಗ್ಗ ನೋಡುತ್ತಾ.

ಇಬ್ಬರೂ ಟವೆಲ್ ಹಿಂಡಿ ಹೆಗಲಿಗೆ ಹಾಕಿಕೊಂಡು, ಬಕೆಟ್ಟನ್ನು ಅಲ್ಲೇ ಬಿಟ್ಟು, ಗೇಟಿನ ಕಡೆ ನಡೆದರು. ಅರ್ಧ ಗಂಟೆಗೆ ಮ್ಯಾನೇಜರ್ ಕರೆಸಿದರು. ದನಿ ಎತ್ತಲಿಲ್ಲ. ಸೋಮವಾರದಿಂದ ಬರಬೇಡಿ ಎಂದರು. ವರದಿಯ ತಪ್ಪು ನನ್ನದೇ ಎಂದು ನಾನೇ ಒಪ್ಪಿಕೊಂಡದ್ದನ್ನು ಅವರು ಬರೆದಿಟ್ಟುಕೊಂಡಿದ್ದರು.

ಸೋಮವಾರ ಸಂಜೆ ಲೇತಿನವನು ಫೋನ್ ಮಾಡಿದ. ಕಂಟ್ರಾಕ್ಟರ್ ಬೇರೆ ಇಬ್ಬರನ್ನು ಕಳಿಸಿದ್ದನಂತೆ, ಕನ್ನಡ ಬಾರದವರನ್ನು. ಇಳಿದರಂತೆ. ಹತ್ತು ಬಕೆಟ್ಟು ತೆಗೆದರಂತೆ. ಮೇಲೆ ಬಂದು ಒಬ್ಬ ವಾಂತಿ ಮಾಡಿಕೊಂಡನಂತೆ.

"ಈಗ ಹೇಗಿದಾನೆ?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ" ಎಂದ. "ಟೆಂಪೋ ಹತ್ತುಸ್ಕೊಂಡು ಹೋದ್ರು."